ಶಿಶುಗಳ ಜ್ವರಶಾಮಕ ಔಷಧಗಳು: ಚರಿತ್ರೆ

ಎಳೆಯ ಮಕ್ಕಳ ಜ್ವರವನ್ನಿಳಿಸಲೂ ನೋವನ್ನು ಶಮನಗೊಳಿಸಲೂ ಬಳಸುವ ಔಷಧಗಳ ಚರಿತ್ರೆಯು ಬಹುಮಟ್ಟಿಗೆ ಅವುಗಳ ಪ್ರಮಾಣವನ್ನೂ ಅವು ಕರಗಿರುವ ದ್ರಾವಕವನ್ನೂ ಅವನ್ನಿಡುವ ಸೀಸೆಯನ್ನೂ ಹತೋಟಿಗೆ ತಂದ ಚರಿತ್ರೆಯಾಗಿದೆ. ಈ ಮೂರರ ನಿಯಮಗಳೂ ಪ್ರಾಯಶಃ ಅನಾಹುತಗಳ ಅನಂತರವೇ ರೂಪುಗೊಂಡವು.

ವಿಲೋ ಮರದ ತೊಗಟೆಯ ಜ್ವರಹರ ಗುಣವನ್ನು ಎಡ್ವರ್ಡ್ ಸ್ಟೋನ್ ಎಂಬ ಆಂಗ್ಲ ಪಾದ್ರಿಯು 1763ರಲ್ಲಿ ರಾಯಲ್ ಸೊಸೈಟಿಗೆ ನಿವೇದಿಸಿದನು. 1886ರಲ್ಲಿ ಸ್ಟ್ರಾಸ್‌ಬರ್ಗಿನ ಕಾನ್ ಮತ್ತು ಹೆಪ್ ಎಂಬ ವೈದ್ಯರು, ನ್ಯಾಫ್ತಲೀನಿಗೆ ಬದಲಾಗಿ ಔಷಧಾಲಯದಿಂದ ತಪ್ಪಿ ಬಂದ ಅಸಿಟನಿಲೈಡನ್ನು ರೋಗಿಗೆ ಕೊಟ್ಟಾಗ ಜ್ವರವಿಳಿದುದನ್ನು ಕಂಡರು. ಆದರೆ ಅದು ರಕ್ತವನ್ನು ಕೆಡಿಸಿ ರೋಗಿಯ ಮೈಯನ್ನು ನೀಲಿಗಟ್ಟಿಸುತ್ತಿದ್ದಿತು. 1893ರಲ್ಲಿ ಫಾನ್ ಮೇರಿಂಗನು ಪರೀಕ್ಷಿಸಿದ ಪ್ಯಾರಸಿಟಮಾಲ್ ಅದೇ ದೋಷದ ಶಂಕೆಗೊಳಗಾಗಿ ಅರ್ಧಶತಮಾನ ಮೂಲೆಗುಂಪಾಗಿದ್ದು, 1948ರಲ್ಲಿ ಬ್ರೋಡಿ ಮತ್ತು ಆಕ್ಸೆಲ್‌ರಾಡರ ಸಂಶೋಧನೆಯಿಂದ ನಿರ್ದೋಷಿಯೆನಿಸಿತು. 1955ರಲ್ಲಿ ಅಮೆರಿಕದಲ್ಲಿ ಅದು ಮಕ್ಕಳ ಟೈಲೆನಾಲ್ ಪಾನಕವಾಗಿ, ಅಗ್ನಿಶಾಮಕ ಬಂಡಿಯ ಆಕಾರದ ಕೆಂಪು ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದಿತು.

ಅಂದಿನ ವೈದ್ಯರು ಮಕ್ಕಳ ಮಾತ್ರೆಯನ್ನು ವಯಸ್ಕರ ಮಾತ್ರೆಯಿಂದ ಗಣಿಸುತ್ತಿದ್ದರು. ಯಂಗ್ ನಿಯಮದಂತೆ ಮಗುವಿನ ವಯಸ್ಸನ್ನು, ಅದಕ್ಕೆ ಹನ್ನೆರಡು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿದರೆ, ನಾಲ್ಕು ವರ್ಷದ ಕೂಸಿಗೆ ವಯಸ್ಕರ ಕಾಲುಭಾಗ ಸಲ್ಲುವುದು. ಒಂದೇ ವಯಸ್ಸಿನ ಮಕ್ಕಳ ತೂಕವು ಬಹಳ ಭಿನ್ನವಾಗಿರುವುದರಿಂದಲೂ ಹಸುಳೆಯ ಯಕೃತ್ತು ಮೂತ್ರಪಿಂಡಗಳು ಬಲಿತಿರುವುದಿಲ್ಲವಾದುದರಿಂದಲೂ ಈ ಗಣಿತವು ಕ್ರಮೇಣ ಹಿಂದೆ ಸರಿದು, ತೂಕಕ್ಕನುಗುಣವಾದ ಮಾತ್ರೆಯು ರೂಢಿಗೆ ಬಂದಿತು.

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಅಮೆರಿಕದ ಮನೆಗಳಲ್ಲಿ ಕಿತ್ತಳೆರುಚಿಯ ಮಕ್ಕಳ ಆಸ್ಪಿರಿನ್ ಪ್ರಚಾರಕ್ಕೆ ಬಂದಾಗ, ಮಕ್ಕಳು ಅದನ್ನು ಪೆಪ್ಪರಮೆಂಟೆಂದು ಮುಷ್ಟಿಗಟ್ಟಲೆ ನುಂಗಿ ವಿಷಪ್ರಾಶನಕ್ಕೀಡಾದರು. ಇದರ ಫಲವಾಗಿ ಕೆನಡಾದ ವಿಂಡ್ಸರ್ ನಗರದ ಮಕ್ಕಳ ವೈದ್ಯ ಹೆನ್ರಿ ಬ್ರೋ ಅವರು 1967ರಲ್ಲಿ ಅಂಗೈಯಿಂದ ಒತ್ತಿ ತಿರುಗಿಸಿದ ಹೊರತು ತೆರೆಯದ ಮುಚ್ಚಳವನ್ನು ಬಳಕೆಗೆ ತಂದರು. 1970ರಲ್ಲಿ ಅಮೆರಿಕವು ಇಂತಹ ಬಿರಡೆಗಳಿಗಾಗಿ ಶಾಸನ ಮಾಡಿತು. ಇತ್ತ 1963ರಲ್ಲಿ ಸಿಡ್ನಿಯ ಡಗ್ಲಸ್ ರೈ ವರ್ಣಿಸಿದ್ದ, ಮಿದುಳನ್ನೂ ಯಕೃತ್ತನ್ನೂ ಘಾತಿಸುವ ವ್ಯಾಧಿಯು, ಫ್ಲೂ ಮತ್ತು ಸೀತಾಳೆಸಿಡುಬಿನಲ್ಲಿ ಆಸ್ಪಿರಿನ್ ಸೇವಿಸಿದ ಮಕ್ಕಳಲ್ಲಿ ಹೆಚ್ಚೆಂದು 1980ರ ದಶಕದಲ್ಲಿ ಕಂಡುಬಂದುದರಿಂದ, 1986ರಲ್ಲಿ ಬ್ರಿಟನ್ ಹನ್ನೆರಡು ವರ್ಷದೊಳಗಿನವರಿಗೆ ಆಸ್ಪಿರಿನನ್ನು ಬಿಡಿಸಿತು. ಅದರ ಸ್ಥಾನವನ್ನು ಪ್ಯಾರಸಿಟಮಾಲೂ ತರುವಾಯ ಐಬುಪ್ರೊಫೆನ್ನೂ ಆಕ್ರಮಿಸಿದವು.

ಔಷಧವು ನಿರ್ದೋಷವಾಗಿದ್ದರೂ ದ್ರಾವಕವು ಘಾತುಕವಾದೀತೆಂಬುದಕ್ಕೆ 1990ರ ದಶಕದಲ್ಲಿ ಬಾಂಗ್ಲಾದೇಶ ಮತ್ತು ಹೈಟಿಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಪ್ಯಾರಸಿಟಮಾಲ್ ಸಿರಪ್ ಕುಡಿದು ಮೂತ್ರಪಿಂಡ ವೈಫಲ್ಯದಿಂದ ಮಡಿದ ಮಕ್ಕಳೇ ನಿದರ್ಶನ. ಭಾರತದಲ್ಲಿ ಯಕೃತ್ತಿಗೆ ಹಾನಿಯ ಭಯದಿಂದ ನಿಮೆಸುಲೈಡನ್ನು ಹನ್ನೆರಡು ವರ್ಷದೊಳಗಿನವರಿಗೆ 2011ರಲ್ಲಿ ನಿಷೇಧಿಸಲಾಯಿತು.

ಇಂದಿಗೂ ಉಳಿದಿರುವ ಗೊಂದಲವು ಸಾಂದ್ರತೆಯದು. ನಮ್ಮ ಅಂಗಡಿಗಳಲ್ಲಿ ದೊರೆಯುವ ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 100 ಮಿಲಿಗ್ರಾಂ ಇದ್ದರೆ, ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 120, 125 ಅಥವಾ 250 ಮಿಲಿಗ್ರಾಂ ಇರುವುದು. ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಎಂಬ ಲೆಕ್ಕದಂತೆ ಹತ್ತು ಕಿಲೋ ತೂಗುವ ಮಗುವಿಗೆ ಒಂದು ಬಾರಿಗೆ 100ರಿಂದ 150 ಮಿಲಿಗ್ರಾಂ ಸಲ್ಲುತ್ತದೆ. ಆದರೆ ಸಿರಪ್ಪೆಂದು ಭ್ರಮಿಸಿ ಒಂದು ಚಮಚ ಡ್ರಾಪ್ಸ್ ಕುಡಿಸಿದರೆ, ದೊಡ್ಡವರ ಮಾತ್ರೆಯಷ್ಟೇ, ಅಂದರೆ 500 ಮಿಲಿಗ್ರಾಂ, ಅದರ ಹೊಟ್ಟೆ ಸೇರುವುದು. ಆದಕಾರಣ ಅಡುಗೆಮನೆಯ ಚಮಚವನ್ನು ತ್ಯಜಿಸಿ, ಗುರುತುಳ್ಳ ಸಿರಿಂಜಿನಿಂದಲೋ ಸೀಸೆಯೊಡನೆ ಬಂದ ಅಳತೆಯಿಂದಲೋ ಕೊಡಬೇಕೆಂಬುದು ವೈದ್ಯರ ಉಪದೇಶ.

1980ರಲ್ಲಿ ಬಾರ್ಟನ್ ಶ್ಮಿಟ್ ಎಂಬ ಅಮೆರಿಕದ ವೈದ್ಯರು ತಂದೆತಾಯಂದಿರ ಅತಿಯಾದ ಜ್ವರಭೀತಿಯನ್ನು ವಿವರಿಸಿದ ಮೇಲೆ, ತಾಪಮಾಪಕದ ಅಂಕಿಗಿಂತ ಮಗುವಿನ ನೆಮ್ಮದಿಯೇ ಚಿಕಿತ್ಸೆಯ ಗುರಿಯೆಂಬ ಮತವು ಬಲಗೊಂಡಿತು. ಈಗಿನ ಸಂಪ್ರದಾಯದಲ್ಲಿ ಮೂರು ತಿಂಗಳೊಳಗಿನ ಹಸುಳೆಗೆ ಜ್ವರ ಬಂದರೆ ಮೊದಲು ವೈದ್ಯರಿಗೆ ತೋರಿಸುವುದು. ಪ್ಯಾರಸಿಟಮಾಲಿಗೆ ನಾಲ್ಕರಿಂದ ಆರು ಗಂಟೆಗಳ ಅಂತರವಿರಿಸಿ ದಿನಕ್ಕೆ ನಾಲ್ಕು ಬಾರಿಯನ್ನು ಮೀರದಿರುವುದು. ನೆಗಡಿಯ ಸಿರಪ್ಪಿನಲ್ಲೂ ಅದೇ ಔಷಧ ಅಡಗಿದೆಯೇ ಎಂದು ಚೀಟಿ ಓದಿ ನೋಡುವುದು. ಡೆಂಗಿಯ ಶಂಕೆಯಿದ್ದಾಗಲೂ ಮೈನೀರು ಬತ್ತಿದಾಗಲೂ ಐಬುಪ್ರೊಫೆನನ್ನು ವರ್ಜಿಸುವುದು ವಿಹಿತವಾಗಿದೆ. ಪ್ಯಾರಸಿಟಮಾಲ್ ಅತಿಯಾದಾಗ ಮೊದಲ ದಿನ ಮಗುವು ಆಡಿಕೊಂಡೇ ಇರಬಹುದಾದರೂ ಅಷ್ಟರಲ್ಲಿ ಯಕೃತ್ತು ಕೆಡತೊಡಗಿರುವ ಸಂಭವವುಂಟು. ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ ಬೇಗ ಕೊಟ್ಟಷ್ಟೂ ಗುಣಕಾರಿಯಾಗಿರುವುದರಿಂದ, ಲಕ್ಷಣಗಳಿಗಾಗಿ ಕಾಯದೆ ಸೀಸೆಸಹಿತ ಆಸ್ಪತ್ರೆಗೆ ಧಾವಿಸುವುದೇ ವಿಹಿತ.