ಹೊಳೆದಂಡೆಯ ನಾಡಿಗೆ ಇಮ್ಮಾನುವೇಲ್



ಆಗಮನ ಕಾಲದ ಮೇಣದಬತ್ತಿಗಳನ್ನು ವಾರಕ್ಕೊಂದರಂತೆ ಹಚ್ಚುತ್ತಾ ನಾವು ಕ್ರಿಸ್ತಜಯಂತಿಯ ಹೊಸ್ತಿಲಿಗೆ ಬಂದಿದ್ದೇವೆ. ಮನೆಮನೆಯಲ್ಲಿ ಗೋದಲಿಯ ಸಿದ್ಧತೆ ನಡೆದಿದೆ. ಆದರೆ ಎಷ್ಟೋ ಮನೆಗಳಲ್ಲಿ ಅದರ ಪಕ್ಕದಲ್ಲೇ ಒಂದು ಚಿಂತೆಯೂ ಕುಳಿತಿದೆ: ಸಾಲ, ರೋಗ, ಕೈಕೊಟ್ಟ ಬೆಳೆ, ಕೆಲಸ ಸಿಗದ ಮಗ. ನಾಳೆ ಏನೆಂದು ತಿಳಿಯದವನು ಇಂದು ದೇವರನ್ನು ನಂಬುವುದು ಹೇಗೆ? ಉತ್ತರ ಹುಡುಕಲು ನಮ್ಮದೇ ನಾಡಿನ ಚರಿತ್ರೆಯ ಒಂದು ಪುಟ ತೆರೆಯೋಣ.

ರೋಣ ತಾಲೂಕಿನ ಮೆಣಸಗಿ ಮಲಪ್ರಭೆಯ ಸೀಮೆಯ ಊರು. ಸುತ್ತಲೂ ಕಪ್ಪು ಎರೆಭೂಮಿ. ಹಿಂಗಾರಿ ಮಳೆ ಹದವಾಗಿ ಬಿದ್ದರೆ ಬಿಳಿಜೋಳ, ಕಡಲೆ, ಗೋಧಿ ಮನೆ ತುಂಬುತ್ತವೆ. ಬೀಳದಿದ್ದರೆ ನೆಲ ಬಾಯಿಬಿಟ್ಟು ಬಿರಿಯುತ್ತದೆ. ಇಲ್ಲಿಯ ರೈತ ಬಿತ್ತುವುದೇ ಒಂದು ನಂಬಿಕೆಯ ಕ್ರಿಯೆ.

1876ರಲ್ಲಿ ಆ ನಂಬಿಕೆಗೆ ಭಾರಿ ಪೆಟ್ಟು ಬಿತ್ತು. ಮುಂಗಾರು ಸೋತಿತು, ಹಿಂಗಾರು ಬರಲೇ ಇಲ್ಲ. ಧಾರವಾಡ, ಬೆಳಗಾವಿ, ಕಲಾದಗಿ, ಬಳ್ಳಾರಿ ಜಿಲ್ಲೆಗಳನ್ನು 1878ರವರೆಗೆ ಭೀಕರ ಬರ ಆವರಿಸಿತು. ಆಗ ರೋಣ ಧಾರವಾಡ ಜಿಲ್ಲೆಗೆ ಸೇರಿತ್ತು. ಮೇವಿಲ್ಲದೆ ದನಗಳು ಸತ್ತವು. ಜನ ಮಕ್ಕಳನ್ನು ಹೊತ್ತು ಗುಳೆ ಹೋದರು. ಸರ್ಕಾರ ಕೆರೆ, ರಸ್ತೆಗಳ ಪರಿಹಾರ ಕಾಮಗಾರಿ ತೆರೆಯಿತು ನಿಜ. ಆದರೆ ಖರ್ಚು ಉಳಿಸುವ ಸಲುವಾಗಿ 1877ರ ಆರಂಭದಲ್ಲಿ ಕೂಲಿಯನ್ನೇ ಕಡಿತಗೊಳಿಸಿತು. ಇಲ್ಲಿ ಜನ ಉಪವಾಸ ಬಿದ್ದಿರುವಾಗ ದೇಶದ ಬಂದರುಗಳಿಂದ ಧಾನ್ಯ ಹಡಗು ಹತ್ತುತ್ತಲೇ ಇತ್ತು. ಮಳೆ ಕೈಕೊಟ್ಟದ್ದು ಪ್ರಕೃತಿಯಿಂದ. ಹಸಿವು ಅಷ್ಟು ಬೆಳೆದದ್ದಕ್ಕೆ ಮನುಷ್ಯನ ಕಠಿಣ ಹೃದಯವೂ ಕಾರಣ.

1872ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು 9 ಲಕ್ಷ 90 ಸಾವಿರ ಇತ್ತು. 1881ರ ಗಣತಿಯಲ್ಲಿ ಸಿಕ್ಕವರು ಸುಮಾರು 8 ಲಕ್ಷ 83 ಸಾವಿರ. ಲಕ್ಷಕ್ಕೂ ಹೆಚ್ಚು ಜನ ಕಡಿಮೆ! ಸತ್ತವರು, ಮರಳಿ ಬಾರದವರು, ಹುಟ್ಟದೇ ಹೋದ ಮಕ್ಕಳು ಎಲ್ಲರೂ ಸೇರಿ ಒಂದು ಅಂಕಿಯಾದರು.

ಜನಗಣತಿ ಎಂದಾಗ ನಮಗೆ ಸಂತ ಲೂಕನ ಶುಭಸಂದೇಶ ನೆನಪಾಗಬೇಕು. ಚಕ್ರವರ್ತಿ ಔಗುಸ್ತನಿಗೆ ಪ್ರಜೆಗಳ ಲೆಕ್ಕ ಬೇಕಿತ್ತು. ಅದಕ್ಕಾಗಿ ತುಂಬು ಗರ್ಭಿಣಿ ಮರಿಯಮ್ಮನವರು ಜೋಸೆಫರೊಡನೆ ನಜರೇತಿನಿಂದ ಬೆತ್ಲೆಹೇಮಿಗೆ ನಡೆಯಬೇಕಾಯಿತು. ಛತ್ರದಲ್ಲಿ ಜಾಗವಿಲ್ಲ, ಕೂಸಿಗೆ ತೊಟ್ಟಿಲಾದದ್ದು ದನದ ಗೋದಲಿ. ಕೆಲಕಾಲದಲ್ಲೇ ಹೆರೋದನ ಭಯದಿಂದ ಈಜಿಪ್ಟಿಗೆ ಪಲಾಯನ. ನಮ್ಮ ಜನರ ಮಾತಿನಲ್ಲಿ ಹೇಳುವುದಾದರೆ ಪವಿತ್ರ ಕುಟುಂಬವೂ ಗುಳೆ ಹೋಯಿತು. ರಾಜರು ಲೆಕ್ಕ ಬರೆಸುವಾಗ ದೇವರು ಲೆಕ್ಕ ಬರೆಯುವವರ ಸಾಲಿನಲ್ಲಿ ನಿಲ್ಲಲಿಲ್ಲ. ಲೆಕ್ಕಕ್ಕೆ ಸಿಗುವ ಬಡವರ ಸಾಲಿನಲ್ಲಿ ಬಂದು ನಿಂತರು.

ಹಾಗಾದರೆ ನಂಬಿದವರಿಗೆ ಕೇಡು ಬಾರದೇ? ಈ ಪ್ರಶ್ನೆಗೆ ಸುಲಭದ ಉತ್ತರ ಕೊಡುವುದು ಸತ್ತವರಿಗೆ ಮಾಡುವ ಅನ್ಯಾಯ. ಆ ಬರದಲ್ಲಿ ಪ್ರಾರ್ಥಿಸಿದವರೂ ಸತ್ತರು. ಅದಕ್ಕೇ ಧರ್ಮಸಭೆ ಕ್ರಿಸ್ತಜಯಂತಿಯ ಸಂಭ್ರಮ ಇಳಿಯುವ ಮೊದಲೇ, ಡಿಸೆಂಬರ್ 28ರಂದು, ಬೆತ್ಲೆಹೇಮಿನಲ್ಲಿ ಹತರಾದ ನಿರ್ದೋಷಿ ಕಂದಮ್ಮಗಳನ್ನು ಸ್ಮರಿಸುತ್ತದೆ. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಶತ್ರುಗಳ ದಾಳಿಗೆ ತತ್ತರಿಸಿದ ಅರಸ ಆಹಾಜನಿಗೆ ಪ್ರವಾದಿ ಯೆಶಾಯ ಕೊಟ್ಟ ಗುರುತು ಸೈನ್ಯವಲ್ಲ, ಒಂದು ಕೂಸು. ಅದರ ಹೆಸರು ಇಮ್ಮಾನುವೇಲ್, ಅಂದರೆ ದೇವರು ನಮ್ಮೊಡನೆ ಇದ್ದಾರೆ. ಕಷ್ಟ ಬಾರದು ಎಂದು ಆ ಹೆಸರು ಹೇಳುವುದಿಲ್ಲ. ಕಷ್ಟದಲ್ಲಿ ನೀನು ಒಂಟಿಯಲ್ಲ ಎನ್ನುತ್ತದೆ.

ಬರದ ಮುಂದಿನ ಕಥೆಯನ್ನೂ ಕೇಳಿ. 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು; ಬಳಿಕ ಕ್ಷಾಮ ಪರಿಹಾರದ ನಿಯಮಾವಳಿ ಬಂತು. ಅದೇ ದಶಕದಲ್ಲಿ ಗದಗಿನಿಂದ ಹೊಳೆಆಲೂರಿನ ಮೇಲೆ ಹೊಟಗಿಯತ್ತ ರೈಲುಹಾದಿ ಬಿತ್ತು. ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ 1970ರ ದಶಕದ ಹೊತ್ತಿಗೆ ಅಣೆಕಟ್ಟು ಎದ್ದು, ನೀರಿಲ್ಲದೆ ಅತ್ತ ನಾಡಿಗೆ ಕಾಲುವೆ ಬಂತು. ಆದರೆ ಅನಿಶ್ಚಿತತೆ ಮುಗಿಯಲಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ಉಕ್ಕಿ ರೋಣ, ನರಗುಂದ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತು. ಅಜ್ಜನ ಕಾಲಕ್ಕೆ ನೀರಿಲ್ಲದ ಭಯ, ಮೊಮ್ಮಗನ ಕಾಲಕ್ಕೆ ನೀರಿನದೇ ಭಯ! ನಮ್ಮ ಭರವಸೆ ಅಣೆಕಟ್ಟಿನ ಮೇಲಷ್ಟೇ ನಿಂತರೆ ಸಾಲದು.

ಆದರೆ ದೇವರಲ್ಲಿ ಭರವಸೆ ಎಂದರೆ ಕೈಕಟ್ಟಿ ಕೂರುವುದಲ್ಲ. ಸಂತ ಜೋಸೆಫರು ಕನಸಿನಲ್ಲಿ ಎಚ್ಚರಿಕೆ ದೊರೆತ ಕೂಡಲೇ ರಾತ್ರೋರಾತ್ರಿ ಎದ್ದು ಹೊರಟರು. ದಾರಿಯ ಕೊನೆ ಅವರಿಗೂ ತಿಳಿದಿರಲಿಲ್ಲ; ಅಂದಿನ ಹೆಜ್ಜೆ ಮಾತ್ರ ತಿಳಿದಿತ್ತು. ಕ್ರಿಸ್ತಜಯಂತಿಯ ಹಿಂದೆಮುಂದೆ ಬರುವ ಎಳ್ಳ ಅಮಾವಾಸ್ಯೆಯಂದು ನಮ್ಮ ನೆರೆಯ ರೈತರು ಹೊಲಕ್ಕೆ ಬುತ್ತಿ ಒಯ್ದು, ಭೂತಾಯಿಗೆ ಚರಗ ಚೆಲ್ಲಿ, ದಾರಿಹೋಕರನ್ನೂ ಕರೆದು ಉಣ್ಣಿಸುತ್ತಾರೆ. ಬೆಳೆ ಇನ್ನೂ ಕೈಗೆ ಬಂದಿರುವುದಿಲ್ಲ, ಆದರೂ ಹಂಚಿ ತಿನ್ನುತ್ತಾರೆ. ಇದರಿಂದ ನಾವೂ ಕಲಿಯೋಣ.

ಆದ್ದರಿಂದ ಪ್ರಿಯರೇ, ಈ ವರ್ಷ ಗೋದಲಿ ಕಟ್ಟುವ ಮೊದಲು ಮನೆಯವರೆಲ್ಲ ಕೂಡಿ ತಮ್ಮ ಚಿಂತೆಯನ್ನು ಹೆಸರಿಟ್ಟು ದೇವರ ಮುಂದೆ ಇಡಿರಿ. ಬಳಿಕ ನಿಮ್ಮ ಧರ್ಮಕೇಂದ್ರದಲ್ಲಿ ಯಾರ ಮನೆಯ ಒಲೆ ತಣ್ಣಗಿದೆ ಎಂದು ವಿಚಾರಿಸಿ, ನಿಮ್ಮ ರೊಟ್ಟಿಯ ಬುಟ್ಟಿಯಲ್ಲಿ ಅವರ ಪಾಲನ್ನೂ ತೆಗೆದಿಡಿರಿ. ದೇವರು ನಮ್ಮೊಡನೆ ಇದ್ದಾರೆ ಎಂಬುದು ಆ ಮನೆಗೆ ತಿಳಿಯುವುದು ನಾವು ಅವರೊಡನೆ ಇದ್ದಾಗಲೇ.

ಇಮ್ಮಾನುವೇಲ್ ಪ್ರಭು ನಿಮ್ಮೆಲ್ಲರ ಮನೆಗಳನ್ನು ಹರಸಲಿ. ಆಮೆನ್.