ಮೆದುಳಿನೊಳಗಿನ ‘ಕಹಿ ಅಫೀಮು’: ಒತ್ತಡದಿಂದ ಖಿನ್ನತೆಯವರೆಗೆ ಚಾವ್ಕಿನ್ ಸಂಶೋಧನೆ

ಅಫೀಮು ಎಂದೊಡನೆ ನೆನಪಿಗೆ ಬರುವುದು ನೋವು ಮರೆಸುವ ಮತ್ತು. ಅಫೀಮಿನಿಂದ ಪಡೆಯುವ ಮಾರ್ಫೀನ್ ತೀವ್ರ ನೋವಿನಿಂದ ಬಳಲುವ ರೋಗಿಗಳಿಗೆ ಇಂದಿಗೂ ದೊಡ್ಡ ಆಸರೆಯಾಗಿದೆ. ಅಫೀಮನ್ನು ಹೋಲುವ ರಾಸಾಯನಿಕಗಳನ್ನು ಮನುಷ್ಯನ ಮೆದುಳು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದೂ ಈಗ ಹೊಸ ಸಂಗತಿಯಲ್ಲ. ಆದರೆ ಅವುಗಳಲ್ಲಿ ಒಂದು ಸುಖದ ಬದಲು ಸಂಕಟವನ್ನು ಉಂಟುಮಾಡುತ್ತದೆ ಎಂಬ ಅಂಶ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಅದರ ಹೆಸರು ಡೈನಾರ್ಫಿನ್. ಒತ್ತಡಕ್ಕೂ ಖಿನ್ನತೆಗೂ ನಡುವೆ ಇರುವ ಕೊಂಡಿ ಇದೇ ಇರಬಹುದೇ ಎಂಬ ಪ್ರಶ್ನೆಯ ಬೆನ್ನುಹತ್ತಿ ನಾಲ್ಕು ದಶಕ ದುಡಿದವರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಔಷಧ ವಿಜ್ಞಾನಿ ಚಾರ್ಲ್ಸ್ ಚಾವ್ಕಿನ್ ಪ್ರಮುಖರು.

ಮೂರು ಬಗೆಯ ಗ್ರಾಹಕಗಳು

ಅಫೀಮಿನ ಅಂಶವು ನರಕೋಶಗಳ ಮೇಲಿರುವ ‘ಗ್ರಾಹಕ’ಗಳೆಂಬ ಪ್ರೊಟೀನುಗಳಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ ಎಂಬುದು 1973ರಲ್ಲಿ ಪ್ರಯೋಗಗಳಿಂದ ದೃಢಪಟ್ಟಿತು. ಬಾಲ್ಟಿಮೋರ್‌ನ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ನ್ಯೂಯಾರ್ಕಿನ ಎರಿಕ್ ಸೈಮನ್ ಹಾಗೂ ಸ್ವೀಡನ್ನಿನ ಲಾರ್ಸ್ ಟೆರೆನಿಯಸ್ ಒಂದೇ ವರ್ಷದಲ್ಲಿ ಪ್ರತ್ಯೇಕವಾಗಿ ಇದನ್ನು ತೋರಿಸಿಕೊಟ್ಟರು. ಗಸಗಸೆ ಗಿಡದ ಹಾಲಿಗೆಂದು ಪ್ರಕೃತಿ ಮನುಷ್ಯನ ಮೆದುಳಿನಲ್ಲಿ ಗ್ರಾಹಕಗಳನ್ನು ಇಟ್ಟಿರಲಾರದು. ಹಾಗಾದರೆ ದೇಹದ್ದೇ ಆದ ‘ಅಫೀಮು’ ಇರಲೇಬೇಕು ಎಂಬ ತರ್ಕ ಸಹಜವಾಗಿಯೇ ಹುಟ್ಟಿತು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಜ್ ಇಂತಹ ಮೊದಲ ವಸ್ತುವಾದ ಎನ್‌ಕೆಫಾಲಿನ್ ಅನ್ನು ಗುರುತಿಸಿದರು.

ಇವುಗಳ ಮುಖ್ಯ ಗ್ರಾಹಕಗಳು ಮ್ಯೂ, ಡೆಲ್ಟಾ, ಕಪ್ಪಾ ಎಂಬ ಮೂರು ಬಗೆಯವು. ಮಾರ್ಫೀನಿನ ಸುಖಕ್ಕೂ ಚಟಕ್ಕೂ ಮ್ಯೂ ಗ್ರಾಹಕವೇ ಕಾರಣ. ಕಪ್ಪಾದ ರೀತಿಯೇ ಬೇರೆ. ಅದೂ ನೋವನ್ನು ತಗ್ಗಿಸುತ್ತದೆ; ಆದರೆ ಜೊತೆಯಲ್ಲೇ ತಳಮಳ, ಬೇಸರ ಹಾಗೂ ಕೆಲವೊಮ್ಮೆ ಭ್ರಮೆಯನ್ನೂ ತರುತ್ತದೆ. ಕಪ್ಪಾವನ್ನು ಪ್ರಚೋದಿಸುವ ಔಷಧವು ಆರೋಗ್ಯವಂತರಲ್ಲೂ ಇಂತಹ ಪರಿಣಾಮ ಬೀರುತ್ತದೆ ಎಂಬುದು 1986ರಲ್ಲಿ ವರದಿಯಾಗಿತ್ತು. ಚಟವಿಲ್ಲದ ನೋವುನಿವಾರಕವಾಗಿ ಕಪ್ಪಾ ಔಷಧಗಳನ್ನು ಬಳಸುವ ಆಸೆ ಬಹುಮಟ್ಟಿಗೆ ಕಮರಿದ್ದು ಈ ಕಾರಣದಿಂದಲೇ.

ಡೈನಾರ್ಫಿನ್ ಅನ್ನು 1979ರಲ್ಲಿ ವರದಿ ಮಾಡಿದವರು ಸ್ಟ್ಯಾನ್‌ಫರ್ಡ್‌ನ ಅವ್ರಾಮ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು. ಅದರ ಅಸಾಧಾರಣ ಶಕ್ತಿಯನ್ನು ಕಂಡು ಗ್ರೀಕ್ ಭಾಷೆಯಲ್ಲಿ ‘ಶಕ್ತಿ’ ಎಂಬ ಅರ್ಥವಿರುವ ಪದದಿಂದ ಹೆಸರಿಟ್ಟರು. ಗೋಲ್ಡ್‌ಸ್ಟೀನ್ ಅವರ ವಿದ್ಯಾರ್ಥಿಯಾಗಿದ್ದ ಚಾವ್ಕಿನ್, ಗಿನಿ ಹಂದಿಯ ಕರುಳಿನ ನರಜಾಲದ ಮೇಲೆ ಪ್ರಯೋಗ ನಡೆಸಿ ಡೈನಾರ್ಫಿನ್‌ಗೆ ತನ್ನದೇ ಆದ ಗ್ರಾಹಕವಿದೆ ಎಂಬುದನ್ನು 1981ರಲ್ಲಿ ತೋರಿಸಿದರು. ಆ ಗ್ರಾಹಕ ಕಪ್ಪಾವೇ ಎಂಬುದು 1982ರ ಪ್ರಬಂಧದಲ್ಲಿ ಸ್ಪಷ್ಟವಾಯಿತು.

ನೀರು, ಇಲಿ ಮತ್ತು ವಾಸನೆ

ಕೀಲಿ ಯಾವ ಬೀಗದ್ದು ಎಂದು ತಿಳಿದರೂ ಆ ಬೀಗ ತೆರೆಯುವುದು ಯಾವಾಗ, ಏಕೆ ಎಂಬುದು ತಿಳಿಯಲು ಇನ್ನೂ ಎರಡು ದಶಕ ಬೇಕಾಯಿತು. ಜೇ ಮೆಕ್‌ಲಾಗ್ಲಿನ್ ಮತ್ತು ಚಾವ್ಕಿನ್ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳನ್ನು ಹೊರಬರಲಾಗದಂತೆ ನೀರಿನಲ್ಲಿ ಪದೇ ಪದೇ ಈಜಿಸಲಾಯಿತು. ಮೊದಲು ಕೈಕಾಲು ಬಡಿಯುವ ಇಲಿ, ಕ್ರಮೇಣ ಪ್ರಯತ್ನ ಬಿಟ್ಟು ನಿಶ್ಚಲವಾಗಿ ತೇಲುತ್ತದೆ. ಒತ್ತಡಕ್ಕೆ ಒಳಗಾದ ಈ ಇಲಿಗಳಿಗೆ ಕೊಕೇನಿನ ಆಕರ್ಷಣೆಯೂ ಹೆಚ್ಚಾಗುತ್ತಿತ್ತು. ಕಪ್ಪಾ ಗ್ರಾಹಕವನ್ನು ಔಷಧದಿಂದ ತಡೆದಾಗ ಈ ಬದಲಾವಣೆಗಳು ಕಾಣಿಸಲಿಲ್ಲ. ಡೈನಾರ್ಫಿನ್ ತಯಾರಿಸುವ ಜೀನ್ ಇಲ್ಲದ ಇಲಿಗಳ ಫಲಿತಾಂಶವೂ ಹೀಗೆಯೇ ಇತ್ತು.

ತೇಲುವ ಇಲಿಗೆ ನಿಜಕ್ಕೂ ‘ಬೇಸರ’ವಾಗಿದೆ ಎನ್ನಲು ಆಧಾರವೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ನಿಶ್ಚಲವಾಗಿರುವುದು ಶಕ್ತಿ ಉಳಿಸಿಕೊಳ್ಳುವ ಜಾಣತನವೂ ಆಗಿರಬಹುದು. 2008ರಲ್ಲಿ ಬೆಂಜಮಿನ್ ಲ್ಯಾಂಡ್, ಮೈಕಲ್ ಬ್ರುಕಾಸ್, ಚಾವ್ಕಿನ್ ಮುಂತಾದವರು ನಡೆಸಿದ ಪ್ರಯೋಗ ಈ ಆಕ್ಷೇಪಕ್ಕೆ ಒಂದು ಮಟ್ಟದ ಉತ್ತರ ನೀಡಿತು. ಈಜಿಸುವಾಗ ಒಂದು ನಿರ್ದಿಷ್ಟ ವಾಸನೆಯನ್ನು ಜೊತೆಗೂಡಿಸಲಾಯಿತು. ಅನಂತರ ಇಲಿಗಳು ಆ ವಾಸನೆ ಇರುವ ಕಡೆಯಿಂದ ದೂರ ಉಳಿದವು. ಕಪ್ಪಾ ಗ್ರಾಹಕವನ್ನು ತಡೆದಿದ್ದ ಇಲಿಗಳು ಮಾತ್ರ ಆ ವಾಸನೆಯನ್ನು ದೂರವಿಡಲಿಲ್ಲ. ಈಜುವ ಶ್ರಮ ಎರಡೂ ಗುಂಪಿಗೆ ಒಂದೇ ಆಗಿದ್ದರೂ ಅದರ ಕಹಿ ನೆನಪು ಒಂದಕ್ಕೆ ಮಾತ್ರ ಉಳಿದಿತ್ತು.

ಒಳಗಿನ ಸರಪಳಿಯೂ ಕ್ರಮೇಣ ಬಿಚ್ಚಿಕೊಂಡಿತು. ಒತ್ತಡ ಬಂದೊಡನೆ ಮೆದುಳು ಸಿಆರ್‌ಎಫ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದು ಡೈನಾರ್ಫಿನ್ ಹೊರಬರುವಂತೆ ಮಾಡುತ್ತದೆ. ಡೈನಾರ್ಫಿನ್ ಕಪ್ಪಾ ಗ್ರಾಹಕವನ್ನು ಚುರುಕುಗೊಳಿಸಿದಾಗ ನರಕೋಶದೊಳಗೆ ಪಿ38 ಎಂಬ ಕಿಣ್ವ ಜಾಗೃತವಾಗುತ್ತದೆ. 2011ರಲ್ಲಿ ಬ್ರುಕಾಸ್ ಮತ್ತು ಚಾವ್ಕಿನ್ ತಂಡ ಸಿರೊಟೊನಿನ್ ನರಕೋಶಗಳಿಂದ ಮಾತ್ರ ಈ ಕಿಣ್ವವನ್ನು ತೆಗೆದುಹಾಕಿ ನೋಡಿತು. ಒತ್ತಡದ ಖಿನ್ನತೆಯಂತಹ ಲಕ್ಷಣಗಳು ಆ ಇಲಿಗಳಲ್ಲಿ ಕಾಣಿಸಲಿಲ್ಲ. ಪಿ38 ಜಾಗೃತವಾದಾಗ ಸಿರೊಟೊನಿನ್ನನ್ನು ಮರಳಿ ಹೀರಿಕೊಳ್ಳುವ ಪ್ರೊಟೀನು ಕೋಶದ ಮೇಲ್ಮೈಯಲ್ಲಿ ಹೆಚ್ಚುತ್ತದೆ ಎಂಬುದೂ ತಿಳಿದುಬಂತು. ಇಂದು ವೈದ್ಯರು ಬರೆದುಕೊಡುವ ಬಹುಪಾಲು ಖಿನ್ನತೆಯ ಮಾತ್ರೆಗಳು ತಡೆಯುವುದು ಇದೇ ಪ್ರೊಟೀನನ್ನು. ಅತ್ತ ಬಾಸ್ಟನ್ ಸಮೀಪದ ಮೆಕ್‌ಲೀನ್ ಆಸ್ಪತ್ರೆಯ ವಿಲಿಯಂ ಕಾರ್ಲ್‌ಜಾನ್ ಅವರ ತಂಡವೂ ಬೇರೆ ಹಾದಿಯಿಂದ ಕಪ್ಪಾ ಗ್ರಾಹಕದ ಬಳಿಗೇ ಬಂದಿತ್ತು.

ಡೈನಾರ್ಫಿನ್ ಶತ್ರುವೇನೂ ಅಲ್ಲ. ಅಪಾಯದ ಕ್ಷಣದಲ್ಲಿ ಅದು ನೋವನ್ನು ತಗ್ಗಿಸಿ ಪಾರಾಗಲು ನೆರವಾಗುತ್ತದೆ, ಆ ಕಹಿಯನ್ನು ನೆನಪಿನಲ್ಲಿ ಉಳಿಸಿ ಮತ್ತೆ ಅಲ್ಲಿಗೆ ಹೋಗದಂತೆ ಎಚ್ಚರಿಸುತ್ತದೆ. ತೊಂದರೆ ಶುರುವಾಗುವುದು ಒತ್ತಡ ಕೊನೆಗೊಳ್ಳದೆ ದಿನದಿನವೂ ಮುಂದುವರಿದಾಗ.

ಔಷಧದ ಹಾದಿಯಲ್ಲಿ ಎಡವು

ಕಪ್ಪಾ ಗ್ರಾಹಕವನ್ನು ತಡೆದರೆ ಖಿನ್ನತೆ ತಗ್ಗೀತೆ? ಪ್ರಯೋಗಾಲಯದಲ್ಲಿ ಬಳಸುವ ನಾರ್‌ಬಿಎನ್‌ಐ ಎಂಬ ವಸ್ತುವಿನ ಒಂದೇ ಡೋಸ್ ಇಲಿಯಲ್ಲಿ ವಾರಗಟ್ಟಲೆ ಪರಿಣಾಮ ಉಳಿಸುತ್ತದೆ. ಮನುಷ್ಯರಿಗೆ ಇದು ಹೊಂದುವುದಿಲ್ಲ. ಅಲ್ಪಕಾಲ ಕೆಲಸ ಮಾಡುವ ಆಟಿಕಾಪ್ರಂಟ್ ಮೂಲತಃ ಎಲಿ ಲಿಲ್ಲಿ ಕಂಪನಿಯಲ್ಲಿ ರೂಪುಗೊಂಡು, ಕೈ ಬದಲಾಯಿಸುತ್ತಾ ಜಾನ್ಸನ್ ಅಂಡ್ ಜಾನ್ಸನ್ ಪಾಲಾಯಿತು. ಯಾವುದರಲ್ಲೂ ಸಂತಸ ಕಾಣಲಾಗದ ಸ್ಥಿತಿಯಲ್ಲಿದ್ದ ರೋಗಿಗಳಿಗೆ ಇದನ್ನು ಎಂಟು ವಾರ ನೀಡಿದ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಬಹುಮಾನದ ನಿರೀಕ್ಷೆಯಲ್ಲಿರುವಾಗ ಮಿದುಳಿನ ಸಂಬಂಧಿತ ಭಾಗ ಹೆಚ್ಚು ಚುರುಕಾದದ್ದು ಸ್ಕ್ಯಾನ್‌ನಲ್ಲಿ ಕಂಡಿತ್ತು. ಅಮೆರಿಕ ಸರ್ಕಾರದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನೆರವಿನಿಂದ ನಡೆದ ಈ ಸಣ್ಣ ಅಧ್ಯಯನ ದೊಡ್ಡ ಭರವಸೆ ಹುಟ್ಟಿಸಿತು.

ಅದು ಹೆಚ್ಚು ಕಾಲ ಉಳಿಯಲಿಲ್ಲ. ನ್ಯೂಮೊರಾ ಕಂಪನಿಯ ನವಕಾಪ್ರಂಟ್ ಔಷಧ ಮೂರನೇ ಹಂತದ ಮೊದಲ ಪ್ರಯೋಗದಲ್ಲಿ ಮುಖ್ಯ ಗುರಿ ತಲುಪಲಿಲ್ಲವೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ, ಸಾಕಷ್ಟು ಪರಿಣಾಮ ಕಾಣದ ಕಾರಣ ಆಟಿಕಾಪ್ರಂಟ್‌ನ ಖಿನ್ನತೆಯ ಮೂರನೇ ಹಂತದ ಪ್ರಯೋಗಗಳನ್ನು ಜಾನ್ಸನ್ ಅಂಡ್ ಜಾನ್ಸನ್ ನಿಲ್ಲಿಸಿತು. ಸುರಕ್ಷತೆಯ ಸಮಸ್ಯೆ ಇರಲಿಲ್ಲ, ಫಲವೇ ಸಾಲಲಿಲ್ಲ. ಈಗಿನ ಮಾತ್ರೆಗಳಿಂದ ಗುಣ ಕಾಣದೆ ಹೊಸದಕ್ಕಾಗಿ ಕಾಯುತ್ತಿದ್ದ ರೋಗಿಗಳಿಗೂ ಅವರ ಮನೆಯವರಿಗೂ ಇದು ಸಣ್ಣ ಸುದ್ದಿಯಲ್ಲ.

ಇದರಿಂದ ಇಲಿಗಳ ಮೇಲಿನ ಸಂಶೋಧನೆಯೇ ಸುಳ್ಳೆಂದು ತೀರ್ಮಾನಿಸುವುದು ಅವಸರವಾದೀತು. ಇಲಿಯ ಸಂಕಟಕ್ಕೆ ಕಾರಣ ಏನೆಂದು ಪ್ರಯೋಗ ಮಾಡುವವರಿಗೆ ಗೊತ್ತು: ಅವರೇ ಅದನ್ನು ನೀರಿಗೆ ಬಿಟ್ಟಿರುತ್ತಾರೆ. ಮನುಷ್ಯರಲ್ಲಿ ‘ಖಿನ್ನತೆ’ ಎಂಬ ಒಂದೇ ಹೆಸರಿನಡಿ ಹಲವು ಬೇರೆ ಬೇರೆ ಕಾಯಿಲೆಗಳು ಅಡಗಿರುವ ಸಾಧ್ಯತೆಯಿದೆ. ಮಿದುಳಿನ ಕಪ್ಪಾ ಗ್ರಾಹಕಗಳನ್ನು ಸ್ಕ್ಯಾನ್ ಮೂಲಕ ಅಳೆದ ಅಧ್ಯಯನಗಳೂ ಇದಕ್ಕೆ ಹೊಂದುವಂತಿವೆ. ಆಘಾತಕಾರಿ ಘಟನೆಗಳನ್ನು ಅನುಭವಿಸಿದವರಲ್ಲಿ ಗ್ರಾಹಕದ ಪ್ರಮಾಣಕ್ಕೂ ಬೇಸರ, ನಿರಾಸಕ್ತಿಯ ತೀವ್ರತೆಗೂ ನಂಟಿರುವುದನ್ನು 2014ರ ಒಂದು ಅಧ್ಯಯನ ಕಂಡಿತು. ಖಿನ್ನತೆಯ ರೋಗಿಗಳನ್ನು ಆರೋಗ್ಯವಂತರೊಡನೆ ಹೋಲಿಸಿದ 2018ರ ಸಣ್ಣ ಅಧ್ಯಯನದಲ್ಲಿ ಮಾತ್ರ ಅಂತಹ ವ್ಯತ್ಯಾಸ ಸಿಗಲಿಲ್ಲ.