ಚಿತ್ರ ಎಲ್ಲರಿಗೂ ಗೊತ್ತು, ಬಿಡಿಸಿದವರು ಯಾರು?

ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಭದ್ರಾವತಿಯಿಂದ ಫೋನ್ ಬಂತು. ವಯಸ್ಸಾದವರ ದನಿ.

"ನೀನು ನಮ್ಮ ಪಲ್ಪ್ ಸೆಕ್ಷನ್‌ನವರ ಮಗ ಅಲ್ವೇನಪ್ಪಾ? ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ನಮ್ಮ ಹಿಂದಿನ ಸಾಲಲ್ಲಿದ್ರಿ."

"ಹೌದು ಅಂಕಲ್, ಹೇಳಿ."

"ಇವತ್ತು ನಿನ್ನ ಹಿಂದೆ ದೊಡ್ಡದಾಗಿ ಒಂದು ಚಿತ್ರ ತೋರಿಸಿದ್ರಲ್ಲ, ಎಂಪಿಎಂ ಚಿಮಣಿದು. ಅದು ನಾನು ಬಿಡಿಸಿದ್ದು."

ನನಗೆ ಖುಷಿಯಾಯ್ತು. ಅವರಿಗೂ ಖುಷಿಯಾಗಿ ಫೋನ್ ಮಾಡಿದ್ದಾರೆ ಅಂದುಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಆದ್ರೆ ನಾನು ಹೊಗೆ ಹಾಕಿರ್ಲಿಲ್ಲ ಕಣಪ್ಪಾ. ಆ ಹೊಗೆ ಯಾರು ಹಾಕಿದ್ದು?"

ವಿಷಯ ಇಷ್ಟು. ಮೈಸೂರು ಕಾಗದ ಕಾರ್ಖಾನೆ ಶುರುವಾಗಿದ್ದು 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1977ರಲ್ಲಿ ಅದು ಸರ್ಕಾರಿ ಕಂಪನಿ ಆಯ್ತು. ಬರೆಯುವ ಕಾಗದ, ಮುದ್ರಣದ ಕಾಗದ, ಆಮೇಲೆ ಪತ್ರಿಕೆಗಳ ನ್ಯೂಸ್‌ಪ್ರಿಂಟ್, ಜೊತೆಗೆ ಸಕ್ಕರೆ. ನಮ್ಮ ಬಾಲ್ಯ ಪೂರ್ತಿ ಆ ಪಲ್ಪಿನ ವಾಸನೆಯಲ್ಲೇ ಕಳೀತು. ಹೊರಗಿನವರು ಮೂಗು ಮುಚ್ಚಿಕೊಳ್ತಿದ್ರು, ನಮಗೆ ಅದು ಮನೆಯ ವಾಸನೆ. 2015ರಲ್ಲಿ ಉತ್ಪಾದನೆ ನಿಂತುಹೋಯ್ತು. ಕ್ವಾರ್ಟರ್ಸ್‌ಗಳು ಒಂದೊಂದಾಗಿ ಖಾಲಿಯಾದವು. ಆ ಹಿರಿಯರು ನಿವೃತ್ತರಾದ ಮೇಲೆ ಪೆನ್ಸಿಲ್ ಹಿಡಿದಿದ್ದರು. ನಿಂತ ಕಾರ್ಖಾನೆಯ ಚಿಮಣಿ ಬಿಡಿಸಿ, ಅದರ ಮೇಲಿನ ಆಕಾಶವನ್ನ ಖಾಲಿ ಬಿಟ್ಟು, ಕೆಳಗೆ ಮೂಲೆಯಲ್ಲಿ ಹೆಸರು ಬರೆದಿದ್ದರು. ಹಳೇ ಸಹೋದ್ಯೋಗಿಗಳ ವಾಟ್ಸ್ಯಾಪ್ ಗುಂಪಿಗೆ ಒಂದು ಸಲ ಕಳಿಸಿದ್ದರು, ಅಷ್ಟೇ.

ಅಲ್ಲಿಂದ ಅದು ಎಲ್ಲೆಲ್ಲಿ ಹೋಯ್ತೋ! ಯಾರೋ ಬಣ್ಣ ತುಂಬಿದ್ರು. ಇನ್ಯಾರೋ ಮೂಲೆ ಕತ್ತರಿಸಿದ್ರು, ಹೆಸರೂ ಹೋಯ್ತು. ಮತ್ಯಾರೋ ಚಿಮಣಿ ಬಾಯಿಂದ ಹೊಗೆ ಎಬ್ಬಿಸಿ, ಕಾರ್ಖಾನೆ ಮತ್ತೆ ಉಸಿರಾಡಲಿದೆ ಅನ್ನೋ ಅರ್ಥದ ಸಾಲು ಸೇರಿಸಿದ್ರು. ಕಾರ್ಖಾನೆ ಪುನರಾರಂಭದ ಬೇಡಿಕೆ ಬಗ್ಗೆ ಸುದ್ದಿ ಮಾಡುವಾಗ ನಮ್ಮ ಡೆಸ್ಕ್‌ಗೆ ಸಿಕ್ಕಿದ್ದು ಇದೇ ಪ್ರತಿ. ಕೆಳಗೆ ಏನು ಹಾಕಿದ್ವಿ ಗೊತ್ತಾ? "ಕೃಪೆ: ಸಾಮಾಜಿಕ ಜಾಲತಾಣ."

ಯಾರ ಕೃಪೆ ಸ್ವಾಮಿ ಅದು? ಸಾಮಾಜಿಕ ಜಾಲತಾಣ ಅನ್ನೋರು ಯಾರು, ಎಲ್ಲಿರ್ತಾರೆ? ನಮ್ಮ ವೃತ್ತಿಯಲ್ಲಿ ದಿನಕ್ಕೆ ಹತ್ತು ಸಲ ಬಳಕೆಯಾಗೋ ಈ ಎರಡು ಪದಗಳ ಹಿಂದೆ ಪ್ರತಿ ಸಲ ಒಬ್ಬ ಮನುಷ್ಯ ಕೂತಿರ್ತಾನೆ. ಆ ರಾತ್ರಿಯವರೆಗೆ ನಾನು ಅದನ್ನ ಯೋಚನೆಯೇ ಮಾಡಿರಲಿಲ್ಲ.

ಕೆಲವರು ಹೇಳ್ತಾರೆ, ಹೆಸರು ಬೇಕು ಅನ್ನೋದೆಲ್ಲ ಪಶ್ಚಿಮದಿಂದ ಬಂದ ಚಾಳಿ, ನಮ್ಮ ಕಲಾವಿದರು ದೇವರಿಗೆ ಅರ್ಪಿಸಿ ಅನಾಮಿಕರಾಗಿ ಉಳೀತಿದ್ರು ಅಂತ. ಕೇಳೋಕೆ ಚೆನ್ನಾಗಿದೆ. ಹಾಗಾದ್ರೆ ಬೇಲೂರಿಗೆ ಹೋಗಿ, ಮದನಿಕೆಯರ ಪೀಠ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಅಲ್ಲಿ ಹೆಸರು ಕೆತ್ತಿಕೊಂಡವರಲ್ಲಿ ಮುಖ್ಯನಾದವನು ದಾಸೋಜ. ಯಾವ ಊರಿನವನು? ಬಳ್ಳಿಗಾವಿ. ಅಂದ್ರೆ ನಮ್ಮದೇ ಶಿವಮೊಗ್ಗ ಜಿಲ್ಲೆ, ಶಿಕಾರಿಪುರ ತಾಲ್ಲೂಕು. ಅವನ ಮಗ ಚಾವಣನ ಸಹಿಯೂ ಅಲ್ಲೇ ಇದೆ. ಹೊಯ್ಸಳ ಶಿಲ್ಪಿಗಳು ಹೆಸರಷ್ಟೇ ಅಲ್ಲ, ಊರು, ತಂದೆ ಯಾರು, ಕೆಲವೊಮ್ಮೆ ಬಿರುದು, ಎಲ್ಲಾ ಕೆತ್ತಿದ್ದಾರೆ. ಭದ್ರಾವತಿಯಿಂದ ತರೀಕೆರೆ ದಾರಿ ಹಿಡಿದು ಅಮೃತಾಪುರಕ್ಕೆ ಹೋದರೆ 1196ರ ಅಮೃತೇಶ್ವರ ದೇವಸ್ಥಾನ ಸಿಗುತ್ತೆ. ಅಲ್ಲಿ ಕೆಲಸ ಮಾಡಿದ ಮಲ್ಲಿತಮ್ಮನೇ ಮುಂದೆ 1258ರ ಸೋಮನಾಥಪುರದಲ್ಲೂ ಮೂರ್ತಿಯಿಂದ ಮೂರ್ತಿಗೆ ತನ್ನ ಹೆಸರು ಕೊರೆದಿಟ್ಟಿದ್ದಾನೆ. ಅರವತ್ತು ವರ್ಷದ ವೃತ್ತಿಜೀವನ! ಸಹಿ ಇಲ್ಲದಿದ್ರೆ ನಮಗೆ ಇದು ಗೊತ್ತಾಗ್ತಾನೇ ಇರಲಿಲ್ಲ.

ರಾಜನ ಹೆಸರು ಹೇಗೂ ಶಾಸನದಲ್ಲಿ ಇರುತ್ತೆ. ಉಳಿ ಹಿಡಿದವನ ಹೆಸರು ಉಳಿದದ್ದು ಅವನೇ ಬರೆದುಕೊಂಡಿದ್ದರಿಂದ. ಕಲ್ಲಿಗೆ ಒಂದು ಅನುಕೂಲ ಇತ್ತು ನೋಡಿ, ಪೀಠ ಕತ್ತರಿಸಿ ಮೂರ್ತಿ ಮಾತ್ರ ಫಾರ್ವರ್ಡ್ ಮಾಡೋಕೆ ಆಗಲ್ಲ.

ಕಾಗದ ಬಂದ ಮೇಲೆ ಅದೂ ಸಾಧ್ಯವಾಯ್ತು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಹಾಕಿದಾಗ ಅರಮನೆಯ ಲಕ್ಷ್ಮಿ ಸರಸ್ವತಿಯರು ಬಡವರ ಮನೆಗೂ ಬಂದರು. ಹೆಣ್ಣುಮಕ್ಕಳು ಆ ಪಟಗಳಿಗೆ ಜರಿ ಅಂಟಿಸಿ, ಚಮಕಿ ಹಚ್ಚಿ, ಸೀರೆ ಉಡಿಸಿದರು. ಅದೂ ಮಾರ್ಪಾಡೇ. ಆದರೆ ಮನೆಯ ಗೋಡೆ ಮೇಲಿನ ಭಕ್ತಿ ಅದು, ರವಿವರ್ಮನಿಗೆ ಅದರಿಂದ ನಷ್ಟವೇನೂ ಇರಲಿಲ್ಲ. ನಷ್ಟ ಆಗಿದ್ದು ಇನ್ನೊಬ್ಬರಿಗೆ, ಅದೂ ರವಿವರ್ಮನ ಹೆಸರಿನಿಂದ!

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ದೀಪ ಹಿಡಿದ ಆ ಹೆಂಗಸಿನ ಚಿತ್ರ ನೋಡಿರ್ತೀರಿ. ಅಂಗೈಯಿಂದ ದೀಪ ಮರೆಮಾಡಿದ್ದಾಳೆ, ಬೆರಳ ಸಂದಿಯ ಬೆಳಕು ಮುಖದ ಮೇಲೆ ಬಿದ್ದಿದೆ. "ರವಿವರ್ಮನ ಚಿತ್ರ" ಅಂತ ಎಷ್ಟು ಜನ ಕಳಿಸಿದ್ದಾರೆ ನಿಮಗೆ? ನನಗಂತೂ ಲೆಕ್ಕ ಇಲ್ಲ. ಅದು ರವಿವರ್ಮನದಲ್ಲ. ಎಸ್.ಎಲ್. ಹಲ್ದಣಕರ್ ಅನ್ನೋ ಮಹಾರಾಷ್ಟ್ರದ ಕಲಾವಿದ 1940ರ ದಶಕದಲ್ಲಿ ಜಲವರ್ಣದಲ್ಲಿ ಬಿಡಿಸಿದ್ದು. ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು ಗೀತಾ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಸತ್ತ ನಲವತ್ತು ವರ್ಷದ ಮೇಲೆ ಬಿಡಿಸಿದ ಚಿತ್ರಕ್ಕೂ ಅವನೇ ಯಜಮಾನ! ಕದಿಯಬೇಕು ಅಂತ ಇಲ್ಲಿ ಯಾರೂ ಕದ್ದಿಲ್ಲ. ಒಬ್ಬ ಹೇಳಿದ, ನೂರು ಜನ ಒಪ್ಪಿಕೊಂಡರು. ದೊಡ್ಡ ಹೆಸರು ಸಣ್ಣ ಹೆಸರನ್ನ ನುಂಗಿತು.

ಈಗ 2015ಕ್ಕೆ ಬನ್ನಿ. ಕಾಗದನಗರದಲ್ಲಿ ಯಂತ್ರ ನಿಂತ ಅದೇ ವರ್ಷ, ಕಾಸರಗೋಡಿನ ಕುಂಬಳೆಯಲ್ಲಿ ಊರಿನ ಹುಡುಗರು ಗಣೇಶ ಹಬ್ಬದ ಬಾವುಟಕ್ಕೆ ಒಂದು ಚಿತ್ರ ಬೇಕು ಅಂತ ಗೆಳೆಯನ ಹಿಂದೆ ಬಿದ್ದರು. ಆ ಗೆಳೆಯ ಕರಣ್ ಆಚಾರ್ಯ, ಗ್ರಾಫಿಕ್ ಡಿಸೈನರ್. ಕಂಪ್ಯೂಟರ್ ಮುಂದೆ ಕೂತು ಹನುಮಂತನ ಮುಖ ಬಿಡಿಸಿಕೊಟ್ಟರು. ಕೇಸರಿ ಮತ್ತು ಕಪ್ಪು, ಎರಡೇ ಬಣ್ಣ. ಅರ್ಧ ಮುಖ ನೆರಳಿನಲ್ಲಿ, ಹುಬ್ಬು ಗಂಟು, ಓರೆ ನೋಟ. ಗೊತ್ತಾಯ್ತಲ್ಲ? ಈಗ ನಿಮ್ಮ ಮನೆ ಮುಂದೆ ನಿಂತಿರೋ ಕಾರಿನ ಹಿಂದಿನ ಗಾಜಿನ ಮೇಲೂ ಇರಬಹುದು.

ನಾನು ಎಂಜಿನಿಯರಿಂಗ್ ಓದಿದವನು, ಹಾಗಾಗಿ ಸ್ವಲ್ಪ ಕೊರೀತೀನಿ, ಸಹಿಸಿಕೊಳ್ಳಿ. ಚಿತ್ರದಲ್ಲಿ ಬಣ್ಣ ಎಷ್ಟು ಕಡಿಮೆಯೋ ನಕಲು ಅಷ್ಟು ಸುಲಭ. ಸ್ಟಿಕ್ಕರ್ ಅಂಗಡಿಯ ಕಟಿಂಗ್ ಯಂತ್ರಕ್ಕೆ ಬೇಕಾಗಿರೋದು ಗೆರೆ ಮಾತ್ರ. ಎರಡು ಬಣ್ಣದ ಚಿತ್ರವನ್ನ ಸಾಫ್ಟ್‌ವೇರ್‌ನಲ್ಲಿ ಎಳೆದುಕೊಂಡರೆ ಗೆರೆಯಾಗಿ ಬದಲಾಗುತ್ತೆ, ಆಮೇಲೆ ಹೆಲ್ಮೆಟ್ ಗಾತ್ರಕ್ಕೆ ಬೇಕಾದ್ರೂ ಕತ್ತರಿಸಿ, ಬಸ್ಸಿನ ಗಾತ್ರಕ್ಕೆ ಬೇಕಾದ್ರೂ ಕತ್ತರಿಸಿ. ಇನ್ನೊಂದು ಸಂಗತಿ. ಫೋಟೊ ಫೈಲಿನ ಒಳಗೆ ಯಾರು, ಯಾವಾಗ ಅನ್ನೋ ಮಾಹಿತಿ ಬರೆದಿಡಬಹುದು. ವಾಟ್ಸ್ಯಾಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದ್ರೆ ಚಿತ್ರ ಕುಗ್ಗುತ್ತೆ, ಆ ಮಾಹಿತಿ ಉದುರಿಹೋಗುತ್ತೆ. ಅಂದ್ರೆ ಹೆಸರು ಕಳೆಯೋದಕ್ಕೆ ಕಳ್ಳನೇ ಬೇಕಾಗಿಲ್ಲ, ಕಳಿಸಿದ್ರೆ ಸಾಕು.

ಕುಂಬಳೆಯ ಬಾವುಟದಿಂದ ಹೊರಟ ಹನುಮಂತ ಮಂಗಳೂರು, ಬೆಂಗಳೂರು ದಾಟಿ ದೇಶ ಸುತ್ತಿದ. ಟೀ ಶರ್ಟ್ ಆದ, ಮೊಬೈಲ್ ಕವರ್ ಆದ, ಗಡಿಯಾರ ಆದ. ಕೆಲವರು ಬಣ್ಣ ಬದಲಿಸಿದ್ರು, ಕೆಲವರು ಕೋಪ ಹೆಚ್ಚಿಸಿದ್ರು. ಇದು ಉಗ್ರ ಹನುಮಂತ, ಇದರ ಹಿಂದೆ ರಾಜಕೀಯ ಇದೆ ಅಂತ ಒಂದು ಕಡೆಯವರು. ಇದು ನಮ್ಮ ಶೌರ್ಯದ ಗುರುತು ಅಂತ ಇನ್ನೊಂದು ಕಡೆಯವರು. ಬಿಡಿಸಿದವರು ಮಾತ್ರ ಇದು ಕೋಪ ಅಲ್ಲ, ಗತ್ತು ಅಂತ ಸಂದರ್ಶನಗಳಲ್ಲಿ ಹೇಳ್ತಾನೇ ಬಂದರು. ಯಾರು ಕೇಳಿಸಿಕೊಳ್ತಾರೆ? 2018ರ ಮೇ ತಿಂಗಳಲ್ಲಿ, ವಿಧಾನಸಭಾ ಚುನಾವಣೆ ಹೊತ್ತಲ್ಲಿ, ಮಂಗಳೂರಿನ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಆ ಕಲಾವಿದನನ್ನ ಹೊಗಳಿದರು. ಚಿತ್ರ ಹುಟ್ಟಿ ಮೂರನೇ ವರ್ಷಕ್ಕೆ ಬಹಳಷ್ಟು ಜನರಿಗೆ ಮೊದಲ ಸಲ ಗೊತ್ತಾಯ್ತು, ಓ, ಇದನ್ನೂ ಒಬ್ಬ ಮನುಷ್ಯ ಬಿಡಿಸಿದ್ದಾ ಅಂತ! ಆಗ ನಾವೆಲ್ಲಾ ಚಾನೆಲ್‌ನವರು ಮೈಕ್ ಹಿಡಿದು ಓಡಿದ್ವಿ. ಅದಕ್ಕೂ ಮುಂಚೆ ಎಷ್ಟು ಸಲ ಅದೇ ಚಿತ್ರವನ್ನ ಹನುಮ ಜಯಂತಿಯ ಪ್ಯಾಕೇಜ್‌ಗಳಲ್ಲಿ ಹೆಸರಿಲ್ಲದೆ ಓಡಿಸಿದ್ದೆವೋ.

ಆದರೆ ದುಡ್ಡು? ದೇಶದ ತುಂಬ ಮಾರಾಟವಾದ ಆ ಸ್ಟಿಕ್ಕರ್‌ಗಳ ರಾಯಧನ ಕರಣ್‌ಗೆ ಬರಲಿಲ್ಲ. ಆರಂಭದಲ್ಲಿ ಅವರು ಹಕ್ಕಿನ ಬಗ್ಗೆ ಯೋಚಿಸಿಯೇ ಇರಲಿಲ್ಲ, ಗೆಳೆಯರಿಗೆ ಅಂತ ಬಿಡಿಸಿಕೊಟ್ಟ ಚಿತ್ರ ಅದು.

ಕುಂಬಳೆ ಅಂದ ಕೂಡಲೇ ಇನ್ನೊಬ್ಬ ನೆನಪಾಗ್ತಾನೆ. ಯಕ್ಷಗಾನದ ಪಾರ್ತಿಸುಬ್ಬನೂ ಅದೇ ಕುಂಬಳೆಯವನು. ರಾಮಾಯಣದ ಕಥೆಯನ್ನ, ಅಂದ್ರೆ ಹನುಮಂತನನ್ನೂ ಸೇರಿಸಿ, ರಂಗಕ್ಕೆ ತಂದವನು. ಅವನ ಪ್ರಸಂಗಗಳು ನಿಜವಾಗಿ ಅವನವೇನಾ ಅಂತ ನಮ್ಮ ವಿದ್ವಾಂಸರು ದಶಕಗಟ್ಟಲೆ ವಾದ ಮಾಡಿದರು. ಶಿವರಾಮ ಕಾರಂತರು ಅವನ ಕರ್ತೃತ್ವವನ್ನೇ ಪ್ರಶ್ನಿಸಿದರು, ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರಂಥವರು ಅವನ ಪರ ನಿಂತರು. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಹೋಗುವಾಗ ಹೆಸರು ಅಳಿಸಿಹೋದರೆ ಹೀಗೆ. ಆದ್ರೆ ಪಾರ್ತಿಸುಬ್ಬನ ಕಾಲದಲ್ಲಿ ಅದಕ್ಕೆ ನೂರಾರು ವರ್ಷ ಬೇಕಾಯ್ತು. ನಮ್ಮ ಹಿರಿಯರ ಚಿಮಣಿಗೆ ಎರಡು ದಿನ.

ಇಲ್ಲಿ ಒಂದು ಪ್ರಶ್ನೆ ಬರುತ್ತೆ, ನ್ಯಾಯವಾದದ್ದೇ. ಹನುಮಂತ ಏನು ಕರಣ್ ಆಚಾರ್ಯರ ಆಸ್ತಿನಾ? ಅಲ್ಲ. ಎಂಪಿಎಂ ಚಿಮಣಿಯೂ ಯಾರ ಮನೆ ಆಸ್ತಿಯೂ ಅಲ್ಲ. ನೀವೂ ಹನುಮಂತನನ್ನ ಬಿಡಿಸಬಹುದು, ನಾನೂ ಬಿಡಿಸಬಹುದು, ನಾನು ಬಿಡಿಸಿದ್ರೆ ಯಾರೂ ಕದಿಯಲ್ಲ ಅನ್ನೋದು ಬೇರೆ ಮಾತು. ಆದರೆ ಆ ಹುಬ್ಬು, ಆ ನೆರಳು, ಆ ಗೆರೆ ಒಬ್ಬರ ಕೈಯಿಂದ ಬಂದದ್ದು. 1957ರ ಕೃತಿಸ್ವಾಮ್ಯ ಕಾಯ್ದೆ ಹೇಳೋದೂ ಇದನ್ನೇ. ಕಲ್ಪನೆ ಎಲ್ಲರದು, ಅದಕ್ಕೆ ಕೊಟ್ಟ ರೂಪ ಕೊಟ್ಟವರದು. ನೋಂದಣಿ ಮಾಡಿಸಲೇಬೇಕು ಅಂತಲೂ ಇಲ್ಲ, ಬಿಡಿಸಿದ ಕ್ಷಣದಿಂದ ಹಕ್ಕು ಇರುತ್ತೆ, ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ಇದೇ ಕಾಯ್ದೆಯ 57ನೇ ಕಲಂ ಇನ್ನೂ ಮುಂದೆ ಹೋಗುತ್ತೆ. ಹಕ್ಕನ್ನ ಮಾರಿಬಿಟ್ಟಿದ್ದರೂ ಸರಿ, ಇದು ನನ್ನದು ಅಂತ ಹೇಳಿಕೊಳ್ಳೋ ಹಕ್ಕು, ನನ್ನ ಗೌರವಕ್ಕೆ ಧಕ್ಕೆ ಬರೋ ಹಾಗೆ ಇದನ್ನ ವಿರೂಪ ಮಾಡಬೇಡಿ ಅನ್ನೋ ಹಕ್ಕು ಕಲಾವಿದನ ಹತ್ತಿರವೇ ಉಳಿಯುತ್ತೆ.

ಇದು ಬರೀ ಪುಸ್ತಕದ ಮಾತಲ್ಲ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅಮರನಾಥ್ ಸೆಹಗಲ್ ಅನ್ನೋ ಶಿಲ್ಪಿ ದೊಡ್ಡ ಕಂಚಿನ ಭಿತ್ತಿಶಿಲ್ಪ ಮಾಡಿದ್ದರು. 1979ರಲ್ಲಿ ಸರ್ಕಾರ ಅದನ್ನ ಕಿತ್ತು ಉಗ್ರಾಣಕ್ಕೆ ಹಾಕಿತು. ಸೆಹಗಲ್ ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಶಿಲ್ಪ ವಾಪಸ್ ಕೊಡಿ, 5 ಲಕ್ಷ ಪರಿಹಾರ ಕೊಡಿ ಅಂತು. ದುಡ್ಡು ಕೊಟ್ಟು ಮಾಡಿಸಿದ್ದು ಸರ್ಕಾರವೇ, ಆದರೂ ಹಾಳು ಮಾಡೋ ಹಕ್ಕು ಅದಕ್ಕಿರಲಿಲ್ಲ. ಸರಿ, ಭದ್ರಾವತಿಯ ಪಿಂಚಣಿದಾರರೊಬ್ಬರು ದೆಹಲಿಗೆ ಹೋಗಿ ಕೇಸು ನಡೆಸೋಕೆ ಆಗುತ್ತಾ? ಆಗಲ್ಲ. ಸ್ಟಿಕ್ಕರ್ ಕತ್ತರಿಸೋ ಪ್ರತಿ ಅಂಗಡಿ ಮೇಲೆ ಕರಣ್ ದಾವೆ ಹಾಕೋಕೆ ಆಗುತ್ತಾ? ಅದೂ ಆಗಲ್ಲ. ಕಾನೂನು ಇದೆ, ಅದರ ಬಾಗಿಲು ತಟ್ಟೋ ಖರ್ಚು ಚಿತ್ರದ ಬೆಲೆಗಿಂತ ಜಾಸ್ತಿ.

ಮರುದಿನ ಬೆಳಗಿನ ಮೀಟಿಂಗ್‌ನಲ್ಲಿ ಈ ವಿಷಯ ಎತ್ತಿದೆ. ಸುದ್ದಿಗಾಗಿ ಬಳಸಿದ್ರೆ ವಿನಾಯಿತಿ ಇದೆಯಲ್ಲ ಅಂದ್ರು ಒಬ್ಬರು. ಇದೆ, ನಿಜ. ಆದರೆ ನಾವು ಅವರ ಚಿತ್ರದ ಬಗ್ಗೆ ಸುದ್ದಿ ಮಾಡಿರಲಿಲ್ಲ, ಅವರ ಚಿತ್ರವನ್ನ ಹಿನ್ನೆಲೆಯ ಅಲಂಕಾರ ಮಾಡಿಕೊಂಡಿದ್ವಿ. ಅದಕ್ಕಿಂತ ದೊಡ್ಡದು ಹೊಗೆಯ ಮಾತು. ಆ ರಾತ್ರಿ ಫೋನಿನಲ್ಲಿ ಅವರು ಹೇಳಿದ್ದು ನನ್ನ ತಲೆಯಿಂದ ಹೋಗಿರಲಿಲ್ಲ.

"ನಿಮ್ಮ ಟಿವಿ ನೋಡಿ ಪಕ್ಕದ ಮನೆಯವಳು ಓಡಿ ಬಂದ್ಲು ಕಣಪ್ಪಾ, ಅಣ್ಣಾ, ಫ್ಯಾಕ್ಟರಿ ಶುರುವಾಯ್ತಂತೆ ಹೌದಾ ಅಂತ. ಅವಳ ಗಂಡನಿಗೆ ಇನ್ನೂ ಬರಬೇಕಾದ್ದು ಬಾಕಿ ಇದೆ. ನಾನು ಏನು ಹೇಳ್ಲಿ? ಹೊಗೆ ಇಲ್ಲ ಅಂತ ತೋರಿಸೋಕೇ ಅಲ್ವಾ ನಾನು ಅದನ್ನ ಬಿಡಿಸಿದ್ದು?"

ಮೀಟಿಂಗ್‌ನಲ್ಲಿ ಯಾರೂ ಮಾತಾಡಲಿಲ್ಲ. ಮೂಲ ಚಿತ್ರ ತರಿಸಿಕೊಳ್ಳೋದು, ರಾತ್ರಿ ಬುಲೆಟಿನ್‌ನಲ್ಲಿ ತೋರಿಸೋದು, ಹೆಸರು ಹಾಕೋದು, ತಪ್ಪಾಯ್ತು ಅಂತ ಹೇಳೋದು ಎಂದು ತೀರ್ಮಾನವಾಯ್ತು. ಸಿಕ್ಕಿದ್ದು ಹದಿನೈದು ಸೆಕೆಂಡ್. ಅವರ ಮೊಮ್ಮಗಳು ಚಿತ್ರವನ್ನ ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಕಳಿಸಿದಳು, ವಾಟ್ಸ್ಯಾಪ್‌ನಲ್ಲಿ ಬೇಡ ಅಂತ ನಾನೇ ಹೇಳಿದ್ದೆ. ತೆರೆ ಮೇಲೆ ಪೂರ್ತಿ ಬಿಟ್ವಿ. ಚಿಮಣಿ, ಅದರ ಮೇಲೆ ಖಾಲಿ ಆಕಾಶ, ಮೂಲೆಯಲ್ಲಿ ಸಣ್ಣ ಅಕ್ಷರದ ಸಹಿ. ಓದುವಾಗ ನನ್ನ ದನಿ ಸ್ವಲ್ಪ ನಡುಗಿತ್ತು ಅಂತ ಆಮೇಲೆ ಅಮ್ಮ ಹೇಳಿದಳು.

ಬುಲೆಟಿನ್ ಮುಗಿದ ಹತ್ತು ನಿಮಿಷಕ್ಕೆ ಮತ್ತೆ ಅದೇ ನಂಬರು.

"ನೋಡಿದೆ ಕಣಪ್ಪಾ. ಚೆನ್ನಾಗಿ ಬಂತು. ಮನೆಯವರೆಲ್ಲ ಒಟ್ಟಿಗೆ ಕೂತು ನೋಡಿದ್ವಿ." ಆಮೇಲೆ ನಗು ಕೇಳಿಸಿತು. "ಆದ್ರೆ ಕೆಳಗಿನ ಪಟ್ಟಿಯಲ್ಲಿ ನನ್ನ ಇನಿಷಿಯಲ್ ತಪ್ಪು ಹಾಕಿದ್ದಾರೆ ನಿಮ್ಮವರು. ನಾಳೆ ಅದೊಂದು ಸರಿಮಾಡ್ಸು."